ಹೋವರ್‌ಬೋರ್ಡ್ ಮನೇಲೇ ಬಿಚ್ಚಿ, ಸಿಂಗಾರ ಮಾಡಿ, ರಿಪೇರಿ ಮಾಡ್ಕೊಂಡಿದ್ದು: ನನ್ನ ಅನುಭವ

ಬಣ್ಣ ಹೊಡೆಯೋದು, ಲೈಟ್ ಹಾಕೋದು ಎಲ್ಲ ಆಮೇಲೆ, ಮೊದಲು ಹೋವರ್‌ಬೋರ್ಡನ್ನ (ಎರಡು ಚಕ್ರದ ಮೇಲೆ ನಿಂತ್ಕೊಂಡು ಹೋಗೋ ಬ್ಯಾಟರಿ ಹಲಗೆ) ತಲೆಕೆಳಗೆ ಮಲಗಿಸಿ ಅಡಿ ಮುಚ್ಚಳದ ಸ್ಕ್ರೂ ಬಿಚ್ಚಿ ಒಳಗೆ ಏನೇನಿದೆ ಅಂತ ಸಮಾಧಾನವಾಗಿ ನೋಡ್ಬಿಡಿ. ನಾನು ಶುರು ಮಾಡಿದ್ದೇ ಹಾಗೆ. ನಂದು ಮಾಮೂಲಿ 6.5 ಇಂಚು ಚಕ್ರದ್ದು, ಒಂದು ಕಡೆ ಬ್ಯಾಟರಿ, ಇನ್ನೊಂದು ಕಡೆ ಮೇನ್ ಬೋರ್ಡು (ಮೋಟಾರು ನಡೆಸೋ ಸರ್ಕ್ಯೂಟು), ಎರಡೂ ಕಡೆ ಒಂದೊಂದು ಚಿಕ್ಕ ಗೈರೋ ಬೋರ್ಡು (ಎಷ್ಟು ವಾಲಿದೆ ಅಂತ ಅಳೆಯೋದು), ಮೋಟಾರು ಚಕ್ರದ ಒಳಗೇ ಇರತ್ತೆ. ಇಷ್ಟೇ. ಹೊಸ ಮಾಡೆಲ್‌ಗಳಲ್ಲಿ ಗೈರೋ ಬೇರೆ ಇರಲ್ಲ, ಎರಡು ಕಡೆ ಎರಡು ಬೋರ್ಡಲ್ಲೇ ಎಲ್ಲ ಸೇರಿಸಿರ್ತಾರೆ.

ಇದಕ್ಕೆ ಆಕ್ಸಿಲರೇಟರ್ ಅಂತ ಏನೂ ಇಲ್ಲ. ಅಂಗೈ ಮೇಲೆ ಕೋಲು ನಿಲ್ಲಿಸಿಕೊಂಡಾಗ ಕೋಲು ವಾಲಿದ ಕಡೆಗೆ ಕೈ ಓಡತ್ತಲ್ಲ, ಅದೇ ಲೆಕ್ಕ. ಪಾದ ಮುಂದಕ್ಕೆ ಬಾಗಿಸಿದ್ರೆ ಗೈರೋಗೆ ಗೊತ್ತಾಗತ್ತೆ, ಬೋರ್ಡು ಮಟ್ಟಕ್ಕೆ ಬರೋಕೆ ಚಕ್ರನ ಮುಂದಕ್ಕೆ ಓಡಿಸತ್ತೆ, ಎಡಕ್ಕೂ ಬಲಕ್ಕೂ ಬೇರೆ ಬೇರೆ ಲೆಕ್ಕ ಇರೋದ್ರಿಂದ ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಒತ್ತಿದ್ರೆ ನಿಂತಲ್ಲೇ ತಿರುಗತ್ತೆ. ಇನ್ನೊಂದು ವಿಷಯ ಬಹಳ ಜನ ಗಮನಿಸಿರಲ್ಲ, ಕಾಲಿಡೋ ರಬ್ಬರ್ ಪ್ಯಾಡ್ ಕೆಳಗೆ ಬೆಳಕಿನ ಸೆನ್ಸರ್ ಇರತ್ತೆ. ಪ್ಯಾಡ್ ಒತ್ತಿದಾಗ ರಬ್ಬರ್‌ದು ಒಂದು ಪುಟ್ಟ ನಾಲಿಗೆ ಸೆನ್ಸರ್ ಸಂದಿಗೆ ಇಳಿದು ಬೆಳಕಿಗೆ ಅಡ್ಡ ಬರತ್ತೆ, ಆಗ "ಮೇಲೆ ಆಸಾಮಿ ಇದಾನೆ" ಅಂತ ಬೋರ್ಡಿಗೆ ಅರ್ಥ ಆಗತ್ತೆ.

ಇದನ್ನ ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ, ಸಿಂಗಾರ ಎಲ್ಲಿ ಮಾಡ್ಬಹುದು ಎಲ್ಲಿ ಮಾಡ್ಬಾರ್ದು ಅನ್ನೋದು ಪೂರ್ತಿ ಇದ್ರ ಮೇಲೇ ನಿಂತಿದೆ. ಪ್ಯಾಡ್ ಮೇಲೆ ಚೆನ್ನಾಗಿ ಕಾಣತ್ತೆ ಅಂತ ದಪ್ಪ ಮ್ಯಾಟ್ ಅಂಟಿಸಿ ಅಂಚು ಬಿಗಿಯಾಗಿ ಕೂತ್ರೆ ಆ ನಾಲಿಗೆ ವಾಪಸ್ ಮೇಲೆ ಬರಲ್ಲ, ನೀವು ಇಳಿದ ಮೇಲೂ ಬೋರ್ಡು ಯಾರೋ ನಿಂತಿದಾರೆ ಅಂದ್ಕೊಂಡು ತಿರುಗ್ತಾನೇ ಇರತ್ತೆ. ಹಾಗಾಗಿ ಪ್ಯಾಡ್ ತಂಟೆಗೆ ನಾನು ಹೋಗಲ್ಲ, ಒದ್ದೆ ಬಟ್ಟೇಲಿ ಒರೆಸೋದು ಅಷ್ಟೇ, ಮಣ್ಣು ಜಾಸ್ತಿ ಸೇರಿದ್ರೆ ಪ್ಯಾಡ್ ತೆಗೆದು ಸೆನ್ಸರ್ ಸಂದಿನ ಮೆತ್ತನೆ ಬ್ರಷ್‌ನಲ್ಲಿ ಗುಡಿಸೋದು.

ಹೊರಗಿನ ಶೆಲ್‌ಗೆ ನಾನು ವಿನೈಲ್ ಸ್ಟಿಕ್ಕರ್ ಹಾಕಿದ್ದು. ಶೆಲ್ಲನ್ನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ ಜಿಡ್ಡು ತೆಗೆದು, ಹೇರ್ ಡ್ರೈಯರ್‌ನಲ್ಲಿ ಬಿಸಿ ಕೊಡ್ತಾ ಚಕ್ರದ ಮೇಲಿನ ಉಬ್ಬಿಗೆ ನಿಧಾನಕ್ಕೆ ಎಳೆದು ಕೂರಿಸ್ಬೇಕು, ಅಲ್ಲೇ ಸುಕ್ಕು ಬರೋದು. ಮಧ್ಯ ಎರಡು ಭಾಗ ಸೇರೋ ಜಾಗದಲ್ಲಿ ಮಾತ್ರ ಒಂದೇ ಶೀಟ್ ಅಂಟಿಸ್ಬೇಡಿ, ಎರಡು ಭಾಗ ಒಂದಕ್ಕೊಂದು ತಿರುಗಬೇಕು. ಪೇಂಟ್ ಮಾಡೋರು ಶೆಲ್ ಪೂರ್ತಿ ಕಳಚಿ, ಸಣ್ಣ ಉಪ್ಪುಕಾಗದದಲ್ಲಿ ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಹೊಡೆದು ಆಮೇಲೆ ತೆಳ್ಳಗೆ ಎರಡು ಮೂರು ಕೋಟ್. ಮುಚ್ಚಳ ಕೂರೋ ಅಂಚಿಗೆ ಟೇಪ್ ಸುತ್ತಿ, ಅಲ್ಲಿ ಪೇಂಟ್ ದಪ್ಪ ಆದ್ರೆ ಮುಚ್ಚಳ ಸರಿಯಾಗಿ ಕೂರಲ್ಲ, ನೀರು ಹೋಗತ್ತೆ.

ಈಗ ಲೈಟು. ಬ್ಯಾಟರಿ 36 ವೋಲ್ಟು ಅಂತ ಬರೆದಿರತ್ತೆ, ಫುಲ್ ಚಾರ್ಜಲ್ಲಿ 42 ಇರತ್ತೆ. ಎಲ್‌ಇಡಿ ಸ್ಟ್ರಿಪ್ಪಿಗೆ ಬೇಕಿರೋದು 12, ಅದಕ್ಕೆ ಕೆಲವರು ಬ್ಯಾಟರಿ ಒಳಗಿನ ಹತ್ತು ಸಾಲು ಸೆಲ್‌ಗಳಲ್ಲಿ ಮೂರು ಸಾಲಿಂದ ಮಾತ್ರ ವೈರು ಎಳೀತಾರೆ, ದಯವಿಟ್ಟು ಬೇಡ. ಆ ಮೂರು ಸಾಲು ಬೇಗ ಖಾಲಿ ಆಗಿ ಉಳಿದ ಏಳು ತುಂಬಿರ್ತವೆ, ಬ್ಯಾಲೆನ್ಸ್ ತಪ್ಪಿ ಬಿಎಂಎಸ್ (ಬ್ಯಾಟರಿ ಕಾಯೋ ಸರ್ಕ್ಯೂಟು) ಕರೆಂಟ್ ಕಟ್ ಮಾಡ್ಬಿಡತ್ತೆ, ನೀವು ಓಡಿಸ್ತಿರೋವಾಗ ಕಟ್ ಆದ್ರೆ ಮುಖ ನೆಲಕ್ಕೆ. ಪೂರ್ತಿ ಪ್ಯಾಕಿಂದ ಒಂದು ಫ್ಯೂಸ್, ಒಂದು ಸಣ್ಣ ಸ್ವಿಚ್, ಆಮೇಲೆ ವೋಲ್ಟೇಜ್ ಇಳಿಸೋ ಬಕ್ ಕನ್ವರ್ಟರ್, ಇದು ನಾನು ಮಾಡಿದ್ದು. ಕನ್ವರ್ಟರ್ ತಗೊಳೋವಾಗ ಒಂದು ನೋಡ್ಕೊಳಿ, ಎಲ್ಲಾ ಕಡೆ ಸಿಗೋ ಎಲ್‌ಎಂ2596 ಮಾಡ್ಯೂಲ್‌ಗೆ ಇನ್‌ಪುಟ್ 40 ವೋಲ್ಟಿಗೇ ಮುಗೀತು, ಅದೇ ಚಿಪ್ಪಿನ ಎಚ್‌ವಿ (ಹೈ ವೋಲ್ಟೇಜ್) ಮಾಡೆಲ್ ತಗೊಳಿ, ಅದು ತಡ್ಕೊಳತ್ತೆ. ಸ್ವಿಚ್ ಯಾಕೆ ಅಂದ್ರೆ ಬೋರ್ಡಿನ ಪವರ್ ಬಟನ್ ಆಫ್ ಮಾಡಿದ್ರೂ ಬ್ಯಾಟರಿ ವೈರಲ್ಲಿ ಕರೆಂಟ್ ಇದ್ದೇ ಇರತ್ತೆ, ರಾತ್ರಿಯೆಲ್ಲ ಲೈಟ್ ಉರಿದು ಬ್ಯಾಟರಿ ಖಾಲಿ ಆಗಿರತ್ತೆ.

ಮೇಂಟೆನೆನ್ಸ್ ಅಂದ್ರೆ ಮುಕ್ಕಾಲು ಪಾಲು ಬೋಲ್ಟ್ ಟೈಟ್ ಮಾಡೋದೇ. ಚಕ್ರದ ಆಕ್ಸಲ್ಲನ್ನ ಹಿಡಿಯೋ ಕ್ಲ್ಯಾಂಪ್ ಬೋಲ್ಟುಗಳು ಅದುರಿ ಅದುರಿ ಲೂಸ್ ಆಗ್ತವೆ, ಹೊರಡೋವಾಗ ಟಕ್ ಅಂತ ಸದ್ದು ಬಂದ್ರೆ ಮೊದಲು ಅಲ್ಲೇ ನೋಡಿ. ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ಲೂಸ್ ಆಗದ ಹಾಗೆ ಹಿಡಿಯೋ ಅಂಟು) ಒಂದು ಹನಿ ಸಾಕು, ಆದ್ರೆ ಅದು ಪ್ಲಾಸ್ಟಿಕ್ಕಿಗೆ ತಾಗ್ಬಾರ್ದು, ಕೆಲವು ಪ್ಲಾಸ್ಟಿಕ್ ಬಿರುಕು ಬಿಡತ್ತೆ. ಆಕ್ಸಲ್ ಹತ್ರ ಕೂದಲು ದಾರ ಸುತ್ಕೊಂಡಿರತ್ತೆ, ಕಿತ್ತು ಹಾಕಿ.

ಚಕ್ರ ಜರ್ಕ್ ಹೊಡೆಯೋದು, ಕೆಂಪು ಲೈಟ್ ಮಿಣುಕೋದು ಶುರುವಾದ್ರೆ ತಕ್ಷಣ ಮೇನ್ ಬೋರ್ಡು ಹೋಯ್ತು ಅಂತ ಹೊಸದು ತರೋಕೆ ಹೋಗ್ಬೇಡಿ. ಬ್ಯಾಟರಿ ಕನೆಕ್ಟರ್ ತೆಗೀರಿ, ಪವರ್ ಬಟನ್ ಒಂದ್ಸಲ ಒತ್ತಿ ಕೆಪಾಸಿಟರ್‌ನಲ್ಲಿ ಉಳಿದಿರೋ ಕರೆಂಟನ್ನ ಖಾಲಿ ಮಾಡಿ, ಆಮೇಲೆ ಚಕ್ರನ ಕೈಯಲ್ಲಿ ತಿರುಗಿಸಿ ನೋಡಿ. ಮೋಟಾರಿಂದ ಮೂರು ದಪ್ಪ ವೈರು ಬರತ್ತೆ, ಹಳದಿ ಹಸಿರು ನೀಲಿ. ಚಕ್ರ ತಡೆದು ತಡೆದು ತಿರುಗ್ತಿದ್ರೆ ಆ ಮೂರನ್ನೂ ಮೇನ್ ಬೋರ್ಡಿಂದ ಬಿಡಿಸಿ, ಒಂದಕ್ಕೊಂದು ತಾಗದ ಹಾಗೆ ಹಿಡಿದು ಮತ್ತೆ ತಿರುಗಿಸಿ. ಈಗ ಹಗುರಾಯ್ತಾ, ಹಾಗಾದ್ರೆ ಮೇನ್ ಬೋರ್ಡಲ್ಲಿ ಮಾಸ್‌ಫೆಟ್ (ಮೋಟಾರಿಗೆ ಕರೆಂಟ್ ಬಿಡೋ ಸ್ವಿಚ್ಚಿನಂಥ ಚಿಪ್ಪು) ಶಾರ್ಟ್ ಆಗಿದೆ. ಇನ್ನೂ ತಡೀತಿದೆಯಾ, ಮೋಟಾರಲ್ಲೇ ಅಥವಾ ಆಕ್ಸಲ್ ಒಳಗೆ ಬರೋ ಜಾಗದಲ್ಲೇ ವೈರಿನ ಸಿಪ್ಪೆ ಸವೆದು ಶಾರ್ಟ್ ಆಗಿದೆ. ಎರಡು ಸಲಾನೂ ಹಗುರ ಇದ್ರೆ ಐದು ತೆಳ್ಳನೆ ವೈರಿನ ಹಾಲ್ ಸೆನ್ಸರ್ (ಚಕ್ರ ಎಲ್ಲಿಗೆ ತಿರುಗಿದೆ ಅಂತ ಹೇಳೋದು) ಕಡೆ ಹೋಗಿ. ಬ್ಯಾಟರಿ ಮತ್ತೆ ಸಿಕ್ಕಿಸಿ (ಸಿಕ್ಕಿಸೋವಾಗ ಚಟ್ ಅಂತ ಸಣ್ಣ ಕಿಡಿ ಬರತ್ತೆ, ಕೆಪಾಸಿಟರ್ ತುಂಬ್ಕೊಳೋದು, ಗಾಬರಿ ಬೇಡ), ಬೋರ್ಡ್ ಆನ್ ಮಾಡಿ, ಪ್ಯಾಡ್ ಒತ್ತದ ಹಾಗೆ ಎರಡು ಮರದ ತುಂಡಿನ ಮೇಲೆ ಇಟ್ಟು, ಆ ತೆಳ್ಳನೆ ವೈರುಗಳಲ್ಲಿ ಕಪ್ಪು ವೈರಿಗೆ ಮಲ್ಟಿಮೀಟರಿನ ಒಂದು ಕಡ್ಡಿ, ಹಳದಿ ಹಸಿರು ನೀಲಿಗೆ ಒಂದೊಂದಾಗಿ ಇನ್ನೊಂದು ಕಡ್ಡಿ. ಚಕ್ರ ನಿಧಾನಕ್ಕೆ ತಿರುಗಿಸಿದ್ರೆ ವೋಲ್ಟೇಜು ಸೊನ್ನೆಗೆ ಇಳಿದು ಮೇಲೆ ಹತ್ತಿ, ಮತ್ತೆ ಇಳಿದು ಹತ್ತಬೇಕು. ಯಾವ ವೈರಲ್ಲಿ ಅಲ್ಲಾಡಲ್ವೋ ಅದೇ ಕಳ್ಳ. ಎಷ್ಟೋ ಸಲ ಸೆನ್ಸರ್ ಸರಿಯಾಗೇ ಇರತ್ತೆ, ಕನೆಕ್ಟರ್ ಪಿನ್ನಿಗೆ ಹಸಿರು ಕಿಲುಬು ಹಿಡಿದಿರತ್ತೆ ಅಷ್ಟೇ.

ಬ್ಯಾಟರಿ ವಿಷಯದಲ್ಲಿ ನಾನು ಹಠಮಾರಿ, ಅದರ ಪ್ಯಾಕ್ ಬಿಚ್ಚಲ್ಲ. ಸಾಮಾನ್ಯವಾಗಿ ಒಳಗೆ 18650 ಅನ್ನೋ ಸೈಜಿನ ಲಿಥಿಯಂ ಸೆಲ್ಲು 20 ಇರತ್ತೆ, ಎರಡೆರಡು ಜೋಡಿ ಮಾಡಿ ಹತ್ತು ಸಾಲು. ಒಂದು ಸಾಲು ವೀಕ್ ಆಯ್ತು ಅಂತ ಅದೊಂದನ್ನೇ ಬದಲಾಯಿಸೋಕೆ ಹೋದ್ರೆ ಹಳೇದು ಹೊಸದು ಹೊಂದಲ್ಲ. 2016ರ ಜುಲೈನಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಐದು ಲಕ್ಷಕ್ಕೂ ಹೆಚ್ಚು ಹೋವರ್‌ಬೋರ್ಡುಗಳ ರೀಕಾಲ್ ಪ್ರಕಟಿಸಿದ್ದು ಇದೇ ಬ್ಯಾಟರಿ ಬೆಂಕಿ ಕಾರಣಕ್ಕೆ, ಯುಎಲ್ 2272 ಅನ್ನೋ ಸುರಕ್ಷತಾ ಸ್ಟ್ಯಾಂಡರ್ಡ್ ಬಂದಿದ್ದೂ ಆ ವರ್ಷಾನೇ. ಹೊಸ ಪ್ಯಾಕ್ ತಗೊಂಡ್ರೆ ಪೂರ್ತಿ ಪ್ಯಾಕ್, ಒಳ್ಳೆ ಬಿಎಂಎಸ್ ಇರೋದು. ಚಾರ್ಜರ್ ತುದೀಲಿ ಮಲ್ಟಿಮೀಟರ್ 42 ಆಸುಪಾಸು ತೋರಿಸ್ಬೇಕು, ಅದಕ್ಕಿಂತ ಜಾಸ್ತಿ ಇದ್ರೆ ಆ ಚಾರ್ಜರ್ ಬಿಸಾಕಿ. ಹಸಿರು ಲೈಟ್ ಬಂದ ಮೇಲೆ ತೆಗೆದುಬಿಡೋದು, ಮಲ್ಕೊಂಡಾಗ ಚಾರ್ಜಿಗೆ ಹಾಕಲ್ಲ. ತುಂಬಾ ದಿನ ಓಡಿಸಲ್ಲ ಅಂದ್ರೆ ಅರ್ಧ ಚಾರ್ಜಲ್ಲಿ, ಅಂದ್ರೆ 37 ವೋಲ್ಟ್ ಹತ್ರ ಇಟ್ಟು, ಆಗಾಗ ಒಂದ್ಸಲ ನೋಡ್ಕೊಳಿ. ಉಬ್ಬಿದೆ, ವಾಸನೆ ಬರ್ತಿದೆ ಅಂದ್ರೆ ಅಲ್ಲಿಗೆ ಮುಗೀತು, ಅದು ಬ್ಯಾಟರಿ ರೀಸೈಕಲ್ ಮಾಡೋರ ಕೈಗೆ. ಇನ್ನೊಂದು, ಫುಲ್ ಚಾರ್ಜ್ ಇರೋವಾಗ ಇಳಿಜಾರಲ್ಲಿ ಹೋದ್ರೆ ಬೀಪ್ ಬೀಪ್ ಅನ್ನತ್ತೆ, ಬ್ರೇಕ್ ಹಿಡಿದಾಗ ಮೋಟಾರ್ ಮಾಡೋ ಕರೆಂಟ್ ವಾಪಸ್ ಬ್ಯಾಟರಿಗೆ ಬರೋದು, ಅಲ್ಲಿ ಜಾಗ ಇಲ್ಲ, ಅಷ್ಟೇ ವಿಷಯ.

ಎಲ್ಲ ಮುಚ್ಚಿದ ಮೇಲೆ ಕ್ಯಾಲಿಬ್ರೇಷನ್, ಅಂದ್ರೆ ಯಾವುದು ಮಟ್ಟ ಅಂತ ಬೋರ್ಡಿಗೆ ಹೇಳ್ಕೊಡೋದು. ಬೋರ್ಡ್ ಆಫ್ ಇರೋವಾಗ ಸಮತಟ್ಟು ನೆಲದ ಮೇಲೆ ಎರಡು ಭಾಗಾನೂ ಮಟ್ಟಕ್ಕೆ ಇಟ್ಟು (ನಾನು ರಸಮಟ್ಟ ಇಟ್ಟೇ ನೋಡೋದು), ಲೈಟು ಮಿಣುಕೋ ತನಕ ಪವರ್ ಬಟನ್ ಒತ್ತಿ ಹಿಡಿದು, ಆಫ್ ಮಾಡಿ ಮತ್ತೆ ಆನ್. ಎಷ್ಟು ಸೆಕೆಂಡು ಅನ್ನೋದು ಮಾಡೆಲ್ ಮೇಲೆ. ಓರೆ ಜಾಗದಲ್ಲಿ ಮಾಡಿದ್ರೆ ಆ ಓರೇನೇ ಮಟ್ಟ ಅಂದ್ಕೊಂಡು ಬೋರ್ಡು ತಾನಾಗೇ ಒಂದು ಕಡೆಗೆ ಜಾರತ್ತೆ. ಇದಾದ್ಮೇಲೆ ಟೆಸ್ಟ್ ಮಾಡೋಕೆ ಬೋರ್ಡನ್ನ ಎತ್ತಿ ಹಿಡಿದು ಪ್ಯಾಡ್ ಒತ್ತಿದ್ರೆ ಚಕ್ರ ಭರ್ ಅಂತ ಫುಲ್ ಸ್ಪೀಡಿಗೆ ಹೋಗಿ ಕಿರುಚತ್ತೆ, ಅದು ತೊಂದರೆ ಅಲ್ಲ, ಗಾಳೀಲಿ ಎಷ್ಟು ತಿರುಗಿದ್ರೂ ಬೋರ್ಡು ಮಟ್ಟಕ್ಕೆ ಬರಲ್ವಲ್ಲ ಅದಕ್ಕೆ. ನೆಲದ ಮೇಲಿಟ್ಟು, ಹೆಲ್ಮೆಟ್ ಹಾಕಿ, ಗೋಡೆ ಹಿಡ್ಕೊಂಡು ಒಂದೊಂದೇ ಕಾಲಿಟ್ಟು ನೋಡಿ.