ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು

ಫಿಟ್ಸ್‌ಗೆ ಮೆದುಳಿನ ಆಪರೇಷನ್ ಅಂದ ಕೂಡಲೇ ಮನೆಯವರಲ್ಲಿ ಒಬ್ಬರು "ಆದಷ್ಟು ಕಮ್ಮಿ ತೆಗೀರಿ ಡಾಕ್ಟ್ರೇ" ಅಂತಾರೆ. ಪಕ್ಕದಲ್ಲಿದ್ದವರು "ಪೂರ್ತಿ ತೆಗೆದುಬಿಡಿ, ಮತ್ತೆ ಬರಲೇಬಾರದು" ಅಂತಾರೆ. ಇಬ್ಬರನ್ನೂ ಎಂಆರ್‌ಐ ಮುಂದೆ ಕೂರಿಸುತ್ತೇನೆ. ಯಾಕಂದರೆ ಎಷ್ಟು ಅನ್ನುವುದಕ್ಕಿಂತ ಯಾವುದು ಅನ್ನುವುದೇ ಮುಖ್ಯ.

ನನ್ನ ಬಳಿ ಬರುವ ಹೆಚ್ಚಿನವರಿಗೆ ತೊಂದರೆ ಇರುವುದು ಕಿವಿಯ ನೇರಕ್ಕೆ ಒಳಗಿರುವ ಟೆಂಪೊರಲ್ ಲೋಬ್‌ನಲ್ಲಿ. ಅದರ ಒಳಬದಿಯಲ್ಲಿ ಹೊಸ ನೆನಪು ಕೂಡಿಡುವ ಹಿಪ್ಪೊಕ್ಯಾಂಪಸ್ ಸೊರಗಿ ಗಟ್ಟಿಯಾಗಿರುತ್ತದೆ. ಸರಿಯಾಗಿ ಆರಿಸಿದ ಎರಡು ಔಷಧಿಗೂ ಫಿಟ್ಸ್ ಬಗ್ಗದಿದ್ದರೆ ಆಪರೇಷನ್ ಮಾತು. 2001ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ 80 ಜನರಿದ್ದರು. ಒಂದು ವರ್ಷದ ಹೊತ್ತಿಗೆ, ಎಚ್ಚರ ತಪ್ಪಿಸುವ ಫಿಟ್ಸ್ ಇಲ್ಲದವರು ಆಪರೇಷನ್ ಗುಂಪಿನಲ್ಲಿ ಶೇ. 58, ಬರೀ ಮಾತ್ರೆಯ ಗುಂಪಿನಲ್ಲಿ ಶೇ. 8.

ಇಂಥವರಲ್ಲಿ ಲೋಬ್‌ನ ಹೊರಪದರವನ್ನು ಇನ್ನಷ್ಟು ಹಿಂದಕ್ಕೆ ಕತ್ತರಿಸಿ ಹೆಚ್ಚಿನ ಲಾಭ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಎಡಗಡೆಯಾದರಂತೂ ಮಾತಿಗೇ ಪೆಟ್ಟು ಬೀಳಬಹುದು. ಇನ್ನು ಹಿಪ್ಪೊಕ್ಯಾಂಪಸ್ಸನ್ನು ಎರಡೂ ಬದಿ ಮುಟ್ಟುವಂತಿಲ್ಲ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್‌ಗೆ ಎರಡೂ ಬದಿ ತೆಗೆದರು. ಫಿಟ್ಸ್ ಕಮ್ಮಿಯಾಯಿತು, ಆದರೆ ಹೊಸದೇನೂ ನೆನಪಲ್ಲಿ ಉಳಿಯದಂತಾಯಿತು. ಅದಕ್ಕೇ ಮೊದಲು ನೆನಪಿನ ಪರೀಕ್ಷೆ ಮಾಡಿಸುತ್ತೇನೆ.

ಹುಟ್ಟಿನಿಂದಲೇ ಮೆದುಳಿನ ಪದರ ಸರಿಯಾಗಿ ಕೂಡಿಕೊಳ್ಳದ ಡಿಸ್‌ಪ್ಲೇಸಿಯಾ ಮಾತ್ರ ಬೇರೆಯೇ ಲೆಕ್ಕ. ಇಲ್ಲಿ ಚೂರು ಉಳಿದರೂ ಫಿಟ್ಸ್ ಮರಳುವ ಸಾಧ್ಯತೆ ಜಾಸ್ತಿ. ಒಳ್ಳೆಯ ಮೆದುಳು ಸಕ್ಷನ್ ನಳಿಕೆಗೆ ಮೆತ್ತಗೆ ಬರುತ್ತದೆ. ಡಿಸ್‌ಪ್ಲೇಸಿಯಾ ಎಷ್ಟೋ ಸಲ ರಬ್ಬರಿನಂತೆ ತಡೆಯುತ್ತದೆ, ಬೆರಳಿಗೇ ಗೊತ್ತಾಗುತ್ತದೆ. ಎಂಆರ್‌ಐಯಲ್ಲಿ ಕಂಡದ್ದನ್ನು ತೆಗೆದ ಮೇಲೆ ಅಂಚಿನ ಮೇಲೆ ಎಲೆಕ್ಟ್ರೋಡ್ ಪಟ್ಟಿ ಇಟ್ಟು ಸುಮ್ನೆ ಕಾಯುತ್ತೇವೆ. ಪರದೆಯಲ್ಲಿ ಫಿಟ್ಸ್‌ನ ಸುಳಿವು ಕೊಡುವ ಚೂಪಾದ ವಿದ್ಯುತ್ ಅಲೆಗಳು ಸಾಲುಗಟ್ಟಿ ಬಂದರೆ ಇನ್ನೂ ಕೆಲವು ಮಿಲಿಮೀಟರ್ ಮುಂದೆ ಹೋಗುತ್ತೇನೆ.

ಆದರೆ ರೋಗಿಯ ಕೈಯನ್ನು ಆಡಿಸುವ ಮೆದುಳಿನ ಜಾಗ ಪಕ್ಕದಲ್ಲೇ ಇದ್ದರೆ? ಸಣ್ಣ ಕರೆಂಟ್ ಕೊಟ್ಟು ನೋಡುತ್ತೇವೆ. ರೋಗಿಯ ಹೆಬ್ಬೆರಳು ಅಲುಗಿತು ಅಂದರೆ ಅಲ್ಲಿಗೆ ನಿಲ್ಲಿಸಿದೆ ಅಂತಲೇ ಅರ್ಥ, ಅಲೆಗಳು ಇನ್ನೂ ಬರುತ್ತಿದ್ದರೂ. ಇದನ್ನು ಆಪರೇಷನ್‌ಗೆ ಮೊದಲೇ ಹೇಳಿರುತ್ತೇನೆ: ಫಿಟ್ಸ್ ಕಮ್ಮಿಯಾಗಬಹುದು, ಪೂರ್ತಿ ನಿಲ್ಲದಿರಬಹುದು. ಕೈ ಹೋದರೂ ಪರವಾಗಿಲ್ಲ ಅನ್ನುವ ತಂದೆತಾಯಿಯೂ ಇದ್ದಾರೆ, ಅದೂ ತಪ್ಪಲ್ಲ. ದಿನಕ್ಕೆ ಹತ್ತಾರು ಸಲ ಬೀಳುವ ಮಗುವನ್ನು ನೋಡಿಕೊಳ್ಳುವವರು ಅವರೇ ಅಲ್ವಾ?

ಆಮೇಲೆ ಫಿಟ್ಸ್ ಮತ್ತೆ ಬಂದರೆ ಎಂಆರ್‌ಐ ಮಾಡಿಸಿ ಉಳಿದ ಚೂರು ಹುಡುಕುತ್ತೇವೆ. ಸುರಕ್ಷಿತ ಜಾಗದಲ್ಲಿ ಸಿಕ್ಕಿದರೆ ಎರಡನೇ ಆಪರೇಷನ್ ಬಗ್ಗೆ ಯೋಚಿಸಬಹುದು. ಅಲ್ಲಿಯವರೆಗೆ ಮಾತ್ರೆ ಮುಂದುವರಿಯುತ್ತದೆ. ಫಿಟ್ಸ್ ನಿಂತವರೂ ತಾವಾಗಿಯೇ ಮಾತ್ರೆ ಬಿಡುವಂತಿಲ್ಲ.