ಫರ್ಗಸ್ ಸೂಟರ್ ಪಂದ್ಯಪಟ್ಟಿ: ನಾನು ಕಟ್ಟಿದ ಬಗೆ

1888ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಶುರುವಾಗುವ ಮುಂಚಿನ ಆಟಗಾರನ ಪಂದ್ಯಪಟ್ಟಿಯನ್ನು, ಅಂದರೆ ಅವನು ಆಡಿದ ಪಂದ್ಯಗಳ ಪಟ್ಟಿಯನ್ನು, ಬೆಂಗಳೂರಲ್ಲಿ ಕೂತು ಕಟ್ಟೋಕಾಗಲ್ಲ ಅಂತ ಬಲ್ಲವರೇ ಹೇಳಿದ್ದರು. ಆಗುತ್ತೆ. ಕಾಸು ಪಡೆದು ಆಡಿದ ಮೊದಲಿಗರಲ್ಲಿ ಒಬ್ಬನಾದ ಸೂಟರ್ ಇಂಗ್ಲೆಂಡಿನ ಡಾರ್ವೆನ್, ಬ್ಲ್ಯಾಕ್‌ಬರ್ನ್ ರೋವರ್ಸ್ ಕ್ಲಬ್‌ಗಳಿಗೆ ಆಡಿದ ವರ್ಷಗಳು ಈಗ ಬಹುತೇಕ ತುಂಬಿವೆ.

ಹಳೇ ಬ್ರಿಟಿಷ್ ಪತ್ರಿಕೆಗಳ ಆನ್‌ಲೈನ್ ಸಂಗ್ರಹದಲ್ಲಿ ಅವನ ಹೆಸರು ಹಾಕಿ ಹುಡುಕಿದರೆ ಕೆಲಸ ಕೆಡುತ್ತದೆ. ಹಳೇ ಅಚ್ಚಿನ ಸ್ಕ್ಯಾನನ್ನು ಯಂತ್ರ ಓದುವಾಗ ಇಂಗ್ಲಿಷಿನ ಐದಕ್ಷರದ ಆ ಹೆಸರು (Suter) ಹತ್ತಾರು ರೂಪ ತಾಳುತ್ತದೆ. ತಂಡದ ಪಟ್ಟಿಯಲ್ಲಿ ಅವನ ಅಕ್ಕಪಕ್ಕದವರನ್ನು ಹಿಡಿಯಬೇಕು. 1884ರ ಎಫ್‌ಎ ಕಪ್ (ಇಂಗ್ಲೆಂಡಿನ ನಾಕೌಟ್ ಟೂರ್ನಿ) ಫೈನಲ್‌ನಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್‌ನ ಗೋಲಿಗೆ ಆರ್ಥರ್, ಬ್ಯಾಕ್‌ಗೆ (ರಕ್ಷಣೆಗೆ) ಸೂಟರ್ ಮತ್ತು ಬೆವರ್ಲಿ, ಅವರ ಮುಂದೆ ಮೆಕಿಂಟೈರ್, ಫಾರೆಸ್ಟ್, ಹಾರ್ಗ್ರೀವ್ಸ್. ಬೆವರ್ಲಿ, ಮೆಕಿಂಟೈರ್ ಎರಡನ್ನೂ ಒಟ್ಟಿಗೆ ಕೊಟ್ಟು, ಶನಿವಾರದ ಪಂದ್ಯಗಳ ವರದಿ ಬರುವ ಸೋಮವಾರದ ಪತ್ರಿಕೆಗಳನ್ನಷ್ಟೇ ತೆಗೆದು, ಬೆವರ್ಲಿಯ ಪಕ್ಕದ ಹೆಸರು ಓದಿ. ಎದುರಾಳಿ ಊರಿನ ಪತ್ರಿಕೆಯೂ ಒಪ್ಪಿದರೆ ಮಾತ್ರ ಪಟ್ಟಿಗೆ ಸೇರಿಸಿ. ಯಾವ ಅಕ್ಷರ ಯಾವುದಾಗಿ ಕೆಡುತ್ತದೆ ಎಂಬ ನನ್ನ ಪಟ್ಟಿಯನ್ನು ಸದ್ಯಕ್ಕೆ ಕೊಡುವುದಿಲ್ಲ.

ಈ ಉಪಾಯ ಕೈಕೊಡುವ ಜಾಗವೂ ಇದೆ. ಸೂಟರ್ ಆಡಿದ ಒಂದೇ ಒಂದು ಲೀಗ್ ಪಂದ್ಯ 1888ರ ಡಿಸೆಂಬರ್ 22ರದು, ವೆಸ್ಟ್ ಬ್ರಾಮ್ವಿಚ್ ಎದುರು. ಅಂದು ಅವನು ನಿಂತಿದ್ದು ಗೋಲಿಗೆ! ಬ್ಯಾಕ್‌ಗಳ ಸಾಲಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಇನ್ನೊಂದು ಗುಂಡಿ ಗ್ಲಾಸ್ಗೋದಲ್ಲಿದೆ. ಇಂಗ್ಲೆಂಡಿಗೆ ಬರುವ ಮುಂಚಿನ ಅವನ ಕ್ಲಬ್ ಪಾರ್ಟಿಕ್. ಪಾರ್ಟಿಕ್ ಥಿಸಲ್ ಎಂಬ ಕ್ಲಬ್ ಬೇರೆಯೇ. ಎರಡನ್ನೂ ಕಲಸಿದ ಪಟ್ಟಿಗಳನ್ನು ನಂಬಬೇಡಿ.

ಸಂಬಳದ ಕಾಲಂ ಖಾಲಿಯೇ ಬಿಟ್ಟಿದ್ದೇನೆ. 1885ರ ಜುಲೈ 20ರವರೆಗೆ ಕಾಸು ಕೊಡುವುದೇ ನಿಯಮಬಾಹಿರ. ಕೊಟ್ಟವರು ಲೆಕ್ಕದಲ್ಲಿ ಬರೆದಾರೆಯೇ? ಸಹಾಯಾರ್ಥ ಪಂದ್ಯಗಳ ಜಾಹೀರಾತು, ಊರವರ ಚಂದಾ ವಸೂಲಿ ನೋಡಿ. 1879ರಲ್ಲಿ ಎಫ್‌ಎ ಕಪ್‌ನಲ್ಲಿ ಓಲ್ಡ್ ಎಟೋನಿಯನ್ಸ್ ತಂಡದ ಎದುರು 5–5, 2–2, 6–2 ಅಂತ ಮೂರು ಸಲ ಲಂಡನ್ನಿಗೆ ಹೋಗಿಬರಲು ಡಾರ್ವೆನ್ ಜನ ದುಡ್ಡು ಕೂಡಿಸಿದ್ದರು. ಹಣದ ಜಾಡು ಇರುವುದು ಅಂಥ ಸುದ್ದಿಗಳಲ್ಲೇ.

ನಮ್ಮ ಖರ್ಚು: ಪತ್ರಿಕಾ ಸಂಗ್ರಹದ ಚಂದಾ ತಿಂಗಳಿಗೆ ಒಂದೂವರೆ ಸಾವಿರದ ಆಚೆ, ಮೇಲೆ ಕಾರ್ಡಿನವರ ವಿದೇಶಿ ಶುಲ್ಕ. ಹುಡುಕುವುದು ಪುಕ್ಕಟೆ, ಪುಟ ತೆರೆಯುವುದಕ್ಕಷ್ಟೇ ಹಣ. ಮೊದಲು ತುಣುಕು ನೋಡಿ ದಿನಾಂಕ, ಪುಟಸಂಖ್ಯೆ ಸೇರಿಸಿಟ್ಟುಕೊಂಡು, ಆಮೇಲೆ ಒಂದೇ ತಿಂಗಳ ಚಂದಾ ಕಟ್ಟಿ ಎಲ್ಲ ಇಳಿಸಿಕೊಳ್ಳಿ. ವರ್ಷದ ಚಂದಾ ದಂಡ.

ಇದೇ ದಾರಿಯನ್ನು 1937, 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಟೂರ್ನಿ ಗೆದ್ದ ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡಕ್ಕೂ ಹಚ್ಚಿ ನೋಡಿದೆ. ಒಂದೇ ಹೆಸರಿಗೆ ನಾಲ್ಕು ಕಾಗುಣಿತ, ಹಾಗಾಗಿ ಜೋಡಿ ಹೆಸರು ಅಲ್ಲಿ ನಡೆಯಲಿಲ್ಲ. ಪಲ್ಟನ್ ತಂಡಗಳ ಎದುರಿನ ಪಂದ್ಯವಾದರೆ ಸಿಪಾಯಿಗಳ ಹೆಸರು ಹಿಡಿದು ಹೋಗುವುದು ವಾಸಿ.