ಮಿನ್ನೆಸೋಟದ ವಸಂತದಲ್ಲಿ ಸಸಿ ನೆಡುವ ದಿನವನ್ನು ನಾನು ಗೊತ್ತುಮಾಡುವ ಬಗೆ

2018ರ ಏಪ್ರಿಲ್ 14ರ ಶನಿವಾರ ಬೆಳಿಗ್ಗೆ ನಮ್ಮ ನೆಲಮಾಳಿಗೆಯ ದೀಪದ ಕೆಳಗೆ ಟೊಮೆಟೊ, ಬದನೆ, ಮೆಣಸಿನ ಸಸಿಗಳು ಗೇಣುದ್ದ ಬೆಳೆದು ನಿಂತಿದ್ದವು. ಮೇಲೆ, ಹಿಂಬಾಗಿಲನ್ನು ತೆರೆಯಲಾಗದಷ್ಟು ಹಿಮ ಗಾಳಿಗೆ ಬಂದು ಒರಗಿತ್ತು. ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ವಿಮಾನ ನಿಲ್ದಾಣದ ಮಾಪನದಲ್ಲಿ ಆ ವಾರಾಂತ್ಯ 15 ಇಂಚಿಗೂ ಹೆಚ್ಚು ಹಿಮ ಬಿತ್ತು, ಇಡೀ ತಿಂಗಳಿನ ಮೊತ್ತ 26 ಇಂಚು ದಾಟಿತು. ಅಷ್ಟು ಹಿಮ ಕಂಡ ಏಪ್ರಿಲ್ ಅಲ್ಲಿನ ದಾಖಲೆಯಲ್ಲಿ ಅದಕ್ಕೆ ಮುಂಚೆ ಇರಲಿಲ್ಲ. ಮಿನೆಟೊಂಕಾ ಸರೋವರದ ಮೇಲಿನ ಮಂಜುಗಡ್ಡೆ ಪೂರ್ತಿ ಕರಗಿದಾಗ ಮೇ 5 ಆಗಿತ್ತು. ಅದಾಗಿ ಮೂರೇ ವಾರಕ್ಕೆ, ಮೇ 28ರಂದು, ಅದೇ ವಿಮಾನ ನಿಲ್ದಾಣದಲ್ಲಿ ತಾಪಮಾನ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಚಳಿಗೆ ಹೆದರಿ ತಿಂಗಳುಗಟ್ಟಲೆ ಒಳಗಿಟ್ಟುಕೊಂಡಿದ್ದ ಸಸಿಗಳನ್ನು ಆ ಬಿಸಿಲಿಗೆ ಒಮ್ಮೆಗೇ ಇಟ್ಟದ್ದರಿಂದ ಅವುಗಳ ಎಲೆಗಳು ಎರಡೇ ದಿನದಲ್ಲಿ ಕಾಗದದಂತೆ ಬೆಳ್ಳಗಾದವು. ಚಳಿಯಿಂದ ಉಳಿಸಿದ್ದನ್ನು ಬಿಸಿಲಿಗೆ ಕಳೆದುಕೊಂಡೆ.

ಶಿವರಾತ್ರಿ ಬಂದರೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎಂಬ ಮಾತನ್ನು ಕೇಳುತ್ತಾ ಮಂಡ್ಯದ ಕಡೆ ಬೆಳೆದವನು ನಾನು. ಇಲ್ಲಿ ಶಿವರಾತ್ರಿಯ ಹೊತ್ತಿಗೆ ಕೆರೆಯ ಮೇಲೆ ಕಾರು ನಿಲ್ಲಿಸಿ ಮೀನು ಹಿಡಿಯುವವರಿರುತ್ತಾರೆ. ಯುಗಾದಿಯ ದಿನ ಬೇವಿಲ್ಲದಿರುವುದು ಹಾಗಿರಲಿ, ಹಸಿರೆಲೆಯೆಂಬುದೇ ಕಾಣುವುದಿಲ್ಲ. ಆದ್ದರಿಂದ ಪಂಚಾಂಗದ ಲೆಕ್ಕವನ್ನು ಬಿಟ್ಟು, ಹವಾಮಾನದ ಮುನ್ನೋಟವನ್ನು ಓದುವುದನ್ನು ನಾನು ಅಕ್ಷರಾಭ್ಯಾಸದಂತೆ ಮೊದಲಿನಿಂದ ಕಲಿಯಬೇಕಾಯಿತು.

ಮೊದಲು ತಪ್ಪಾಗಿ ಓದಿದ್ದು ಋತುವಿನ ನಕ್ಷೆಯನ್ನು. ಮೇರಿಲ್ಯಾಂಡಿನಲ್ಲಿರುವ ಕ್ಲೈಮೇಟ್ ಪ್ರೆಡಿಕ್ಷನ್ ಸೆಂಟರ್ ಎಂಬ ಅಮೆರಿಕ ಸರ್ಕಾರದ ಹವಾಮಾನ ಕೇಂದ್ರ ಪ್ರತಿ ತಿಂಗಳ ಮೂರನೆಯ ಗುರುವಾರ ಮುಂದಿನ ಮೂರು ತಿಂಗಳ ಮುನ್ನೋಟವನ್ನು ಹೊರಡಿಸುತ್ತದೆ, ಮತ್ತು ಅದರಲ್ಲಿ ನಮ್ಮ ಪ್ರದೇಶಕ್ಕೆ ಕಿತ್ತಳೆ ಬಣ್ಣ ಬಂದರೆ ವಸಂತ ಬೆಚ್ಚಗಿರುತ್ತದೆ ಎಂದೇ ನಾನು ತಿಳಿದಿದ್ದೆ. ಆ ಬಣ್ಣ ಹೇಳುವುದು ಅಷ್ಟನ್ನಲ್ಲ. 1991ರಿಂದ 2020ರವರೆಗಿನ ಮೂವತ್ತು ವರ್ಷಗಳ ತಾಪಮಾನಗಳನ್ನು ತಂಪು, ಸಾಧಾರಣ, ಬೆಚ್ಚಗೆ ಎಂದು ಮೂರು ಸಮಪಾಲು ಮಾಡಿದರೆ ಯಾವುದೇ ವರ್ಷ ಬೆಚ್ಚಗಿನ ಪಾಲಿಗೆ ಬೀಳುವ ಸಂಭವ ಶೇ. 33, ನಕ್ಷೆಯಲ್ಲಿ ಶೇ. 45 ಎಂದಿದ್ದರೆ ತಕ್ಕಡಿ ಆ ಕಡೆಗೆ ಸ್ವಲ್ಪ ವಾಲಿದೆ ಎಂದಷ್ಟೇ ಅರ್ಥ. ಅದೂ ಮೂರು ತಿಂಗಳ ಸರಾಸರಿಯ ಮಾತು. ನನ್ನ ಬದನೆಯ ಸಸಿ ಸಾಯುವುದು ಸರಾಸರಿಯಲ್ಲಿ ಅಲ್ಲ, ಒಂದೇ ರಾತ್ರಿಯಲ್ಲಿ, ಬೆಳಗಿನ ಜಾವದ ಎರಡು ಮೂರು ಗಂಟೆಗಳಲ್ಲಿ. ಇದು ಮನಸ್ಸಿಗೆ ಇಳಿದ ಮೇಲೆ ಋತುವಿನ ನಕ್ಷೆಯನ್ನು ನಾನು ಬೀಜ ಯಾವಾಗ ಬಿತ್ತಬೇಕೆಂದು ನಿರ್ಧರಿಸಲು ಮಾತ್ರ ಬಳಸುತ್ತೇನೆ. ಸಸಿಯನ್ನು ಹೊರಗೆ ನೆಡಲು ಅದನ್ನು ನೋಡುವುದೇ ಇಲ್ಲ.

ಮಾರ್ಚ್ ಕೊನೆಯಿಂದ ನಾನು ಗಮನಿಸುವುದು ನೆಲದ ಮೇಲೆ ಉಳಿದಿರುವ ಹಿಮವನ್ನು. ಬಿಳಿಯ ಹಿಮ ಬಿಸಿಲಿನ ಬಹುಪಾಲನ್ನು ಆಕಾಶಕ್ಕೇ ಹಿಂದಿರುಗಿಸುತ್ತದೆ, ಹೀರಿಕೊಂಡ ಶಾಖವೂ ಅದನ್ನು ಕರಗಿಸುವುದರಲ್ಲೇ ಖರ್ಚಾಗುತ್ತದೆ. ಹೀಗಾಗಿ ದಕ್ಷಿಣದಿಂದ ಬೆಚ್ಚನೆಯ ಗಾಳಿ ಬಂದರೂ ಹಿಮವಿರುವ ಊರಿನಲ್ಲಿ ಅದರ ಬಿಸಿ ಮಂಕಾಗುತ್ತದೆ. ನೆಲ ಬರಿದಾಗಿ ಒಣಗಿದ್ದರೆ ಅದೇ ಗಾಳಿ, ಅದೇ ಬಿಸಿಲು ಮಧ್ಯಾಹ್ನವನ್ನು ಬೇಸಿಗೆಯಂತೆ ಮಾಡಿಬಿಡುತ್ತವೆ. 2024ರಲ್ಲಿ ಹಾಗಾಯಿತು. ಮಿನ್ನೆಸೋಟದ ದಾಖಲೆಯಲ್ಲೇ ಅತ್ಯಂತ ಬೆಚ್ಚಗಿನ ಚಳಿಗಾಲ ಅದು. ಮಾರ್ಚ್ ನಡುವಿನ ಹೊತ್ತಿಗೆ ಸರೋವರಗಳು ತೆರೆದುಕೊಂಡಿದ್ದವು, ನೆರೆಹೊರೆಯವರು ಹಿಮದ ಸಲಿಕೆಗಳನ್ನು ಒಳಗಿಟ್ಟಿದ್ದರು. ಆಮೇಲೆ, ಮಾರ್ಚ್ ಕೊನೆಯ ವಾರದಲ್ಲಿ ಮತ್ತೆ ದಟ್ಟವಾಗಿ ಹಿಮ ಬಿತ್ತು. ನಾನು ಆ ವರ್ಷ ಏನನ್ನೂ ಅವಸರದಿಂದ ನೆಟ್ಟಿರಲಿಲ್ಲ, ಏಕೆಂದರೆ ಅದಕ್ಕೂ ಮುಂಚಿನ ಒಂದು ವರ್ಷ ನನಗೆ ಸಾಕಷ್ಟು ಪಾಠವಾಗಿತ್ತು.

ಪಾಠ ಕಲಿಸಿದ ಆ ಹಿಂದಿನ ವರ್ಷದ ಮೇ ಎರಡನೆಯ ವಾರ. ಹಗಲು 22 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತಿತ್ತು, ಮುನ್ಸೂಚನೆಯಲ್ಲಿ ರಾತ್ರಿಯ ಕನಿಷ್ಠ 3 ಡಿಗ್ರಿ ಎಂದಿತ್ತು. ಸೊನ್ನೆಗಿಂತ ಮೇಲಿದೆಯಲ್ಲ ಎಂದು ಹನ್ನೆರಡು ಟೊಮೆಟೊ ಸಸಿಗಳನ್ನು ಪಾತಿಯಲ್ಲಿ ನೆಟ್ಟು, ಏನನ್ನೂ ಹೊದಿಸದೆ ಮಲಗಿದೆ. ರಾತ್ರಿ ಹತ್ತಕ್ಕೆ ಗಾಳಿ ಪೂರ್ತಿ ನಿಂತಿತ್ತು, ಮೋಡ ಸರಿದು ನಕ್ಷತ್ರಗಳು ಚೆನ್ನಾಗಿ ಕಾಣುತ್ತಿದ್ದವು. ಬೆಳಿಗ್ಗೆ ಐದೂವರೆಗೆ ಹೋಗಿ ನೋಡಿದರೆ ಹುಲ್ಲಿನ ಮೇಲೆ ಬೆಳ್ಳನೆಯ ಪುಡಿ, ಪಾತಿಯ ಮಣ್ಣಿನ ಮಟ್ಟದಲ್ಲಿಟ್ಟಿದ್ದ ತಾಪಮಾಪಕದಲ್ಲಿ ಸೊನ್ನೆಗಿಂತ ಒಂದು ಡಿಗ್ರಿ ಕಡಿಮೆ. ಸಸಿಗಳ ಎಲೆಗಳು ಆಗಿನ್ನೂ ಹಸಿರಾಗಿದ್ದವು, ಆದರೆ ಬೆಂದ ಸೊಪ್ಪಿನಂತೆ ನೀರು ತುಂಬಿಕೊಂಡು ಜೋತುಬಿದ್ದಿದ್ದವು. ಹತ್ತು ಗಂಟೆಯ ಬಿಸಿಲಿಗೆ ಕಪ್ಪಾದವು.

ಮುನ್ಸೂಚನೆ ಸುಳ್ಳಾಗಿರಲಿಲ್ಲ. ಅದು ಹೇಳುವುದು ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದ ಗಾಳಿಯ ತಾಪಮಾನವನ್ನು. ಮೋಡವೂ ಗಾಳಿಯೂ ಇಲ್ಲದ ರಾತ್ರಿಯಲ್ಲಿ ನೆಲವೂ ಎಲೆಯೂ ತಮ್ಮ ಶಾಖವನ್ನು ನೇರವಾಗಿ ಆಕಾಶಕ್ಕೆ ಬಿಟ್ಟುಕೊಡುತ್ತವೆ, ತಂಪಾದ ಭಾರದ ಗಾಳಿ ತಗ್ಗಿಗೆ ಹರಿದು ನಿಲ್ಲುತ್ತದೆ, ಮತ್ತು ನನ್ನ ಪಾತಿ ಹಿತ್ತಲಿನ ತಗ್ಗಿನಲ್ಲೇ ಇದೆ. ಅಂದಿನಿಂದ ಕನಿಷ್ಠ ತಾಪಮಾನದ ಜೊತೆಗೆ ಮೋಡ, ಗಾಳಿಯ ವೇಗ, ಇಬ್ಬನಿ ಬಿಂದು (ಗಾಳಿಯ ತೇವ ಇಬ್ಬನಿಯಾಗಿ ಕಟ್ಟತೊಡಗುವ ತಾಪಮಾನ) ಈ ಮೂರನ್ನೂ ನೋಡದೆ ನಾನು ಮಲಗುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಇಬ್ಬನಿ ಕಟ್ಟುವಾಗ ಬಿಡುಗಡೆಯಾಗುವ ಶಾಖ ತಾಪಮಾನದ ಕುಸಿತವನ್ನು ತಡೆಯುತ್ತದೆ. ಇಬ್ಬನಿ ಬಿಂದು ಸೊನ್ನೆಗಿಂತ ಕೆಳಗಿದ್ದು ಆಕಾಶ ತಿಳಿಯಾಗಿದ್ದರೆ, ಮುನ್ಸೂಚನೆ 4 ಡಿಗ್ರಿ ಎಂದರೂ ಹಳೆಯ ಹತ್ತಿಯ ಸೀರೆಗಳು ಪಾತಿಯ ಮೇಲೆ ಬರುತ್ತವೆ. ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗಿದ ಕಡೆಯಲ್ಲೆಲ್ಲ ಎಲೆ ಸುಡುತ್ತದೆ, ಆದ್ದರಿಂದ ಬಟ್ಟೆಯೇ ವಾಸಿ.

ಈಗಿನ ನನ್ನ ಕ್ರಮ ಹೀಗಿದೆ. ಏಪ್ರಿಲ್ ಕೊನೆಯಿಂದ ಎಂಟರಿಂದ ಹದಿನಾಲ್ಕು ದಿನಗಳ ಮುನ್ನೋಟವನ್ನು ದಿನವೂ ನೋಡಿ, ಬೆಚ್ಚಗಾಗುವ ಒಲವು ನಾಲ್ಕೈದು ದಿನ ಬದಲಾಗದೆ ನಿಂತರೆ ಸಸಿಗಳನ್ನು ಹದಗೊಳಿಸಲು ಆರಂಭಿಸುತ್ತೇನೆ: ಮೊದಲ ದಿನ ನೆರಳಿನಲ್ಲಿ ಒಂದು ಗಂಟೆ, ಆಮೇಲೆ ಸ್ವಲ್ಪ ಸ್ವಲ್ಪವೇ ಬಿಸಿಲಿಗೆ. ಪಾತಿಯಲ್ಲಿ ನೆಡಬೇಕಾದರೆ ಬೆಳಿಗ್ಗೆ ಎಂಟಕ್ಕೆ ನಾಲ್ಕು ಬೆರಳಿನ ಆಳದಲ್ಲಿ ಮಣ್ಣು 16 ಡಿಗ್ರಿ ಇರಬೇಕು, ಮುಂದಿನ ಏಳು ರಾತ್ರಿಗಳ ಮುನ್ಸೂಚನೆ 10 ಡಿಗ್ರಿಗಿಂತ ಕೆಳಗಿಳಿಯಬಾರದು. ಈ ಎರಡೂ ಕೂಡಿಬರುವುದು ಸಾಮಾನ್ಯವಾಗಿ ಮೇ ಮೂರನೆಯ ವಾರದ ಮೇಲೆಯೇ. ಅವರೆಯನ್ನು ಇನ್ನೂ ತಡವಾಗಿ ಹಾಕುತ್ತೇನೆ. ಊರಿನ ಹಳೆಯ ತಳಿಗಳು ಹಗಲು ಗಿಡ್ಡವಾದ ಮೇಲೆಯೇ ಹೂಬಿಡುವುದರಿಂದ ಇಲ್ಲಿ ಕಾಯಿ ಕಟ್ಟುವ ಮೊದಲೇ ಶರತ್ಕಾಲದ ಹಿಮ ಬಂದುಬಿಡುತ್ತದೆ, ಹಾಗಾಗಿ ಹೆಬ್ಬಾಳ ಅವರೆಯಂತೆ ಹಗಲಿನ ಉದ್ದವನ್ನು ಲೆಕ್ಕಿಸದ ತಳಿಯೇ ಬೇಕು.

ಹವೆ ಬೆಚ್ಚಗಾಗುತ್ತಿದೆ ಎಂಬುದು ಸುಳ್ಳಲ್ಲ. ಮಿನ್ನೆಸೋಟದಲ್ಲಿ ಹೆಚ್ಚು ವೇಗವಾಗಿ ಏರುತ್ತಿರುವುದು ಚಳಿಗಾಲದ ರಾತ್ರಿಗಳ ಕನಿಷ್ಠ ತಾಪಮಾನ, ಮತ್ತು ಅಮೆರಿಕದ ಕೃಷಿ ಇಲಾಖೆಯ 2023ರ ಸಸ್ಯವಲಯ ನಕ್ಷೆಯಲ್ಲಿ ಮಿನಿಯಾಪೊಲಿಸ್ ಮೊದಲಿಗಿಂತ ಬೆಚ್ಚಗಿನ 5ಎ ವಲಯಕ್ಕೆ ಬಂದಿತು. ಆದರೆ ಆ ನಕ್ಷೆ ಚಳಿಗಾಲದ ಕಡುಶೀತವನ್ನು ಕುರಿತದ್ದು. ಕೊನೆಯ ಹಿಮರಾತ್ರಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಬೇಗ ಬರುವ ಬೆಚ್ಚನೆ ಹಣ್ಣಿನ ಮರಕ್ಕೆ ಅಪಾಯವೇ ಆಗಬಹುದು. 2012ರ ಮಾರ್ಚಿನಲ್ಲಿ ಇಲ್ಲಿ ಸುಮಾರು 27 ಡಿಗ್ರಿ ಸೆಲ್ಸಿಯಸ್, ಅಂದರೆ 80 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು, ಮಿಷಿಗನ್‌ನ ಸೇಬಿನ ಮರಗಳು ವಾರಗಟ್ಟಲೆ ಮುಂಚೆ ಎಚ್ಚೆತ್ತವು, ಏಪ್ರಿಲ್‌ನ ಶೀತಕ್ಕೆ ಅಲ್ಲಿನ ಫಸಲಿನ ಸುಮಾರು ಶೇ. 90 ಹೋಯಿತು. ಮೊಗ್ಗು ಬಿಗಿಯಾಗಿರುವಾಗ ಸಹಿಸುವ ಚಳಿಯನ್ನು ಅರಳಿದ ಹೂವು ಸಹಿಸುವುದಿಲ್ಲ: ಸೆಲ್ಸಿಯಸ್ ಸೊನ್ನೆಗಿಂತ 2 ಡಿಗ್ರಿ ಕೆಳಗೆ ಹತ್ತರಲ್ಲಿ ಒಂದು ಹೂವು, 4 ಡಿಗ್ರಿ ಕೆಳಗೆ ಹತ್ತರಲ್ಲಿ ಒಂಬತ್ತು ಸಾಯುತ್ತವೆ. ನಮ್ಮ ಹಿತ್ತಲಿನಲ್ಲಿ ಒಂದು ಹನಿಕ್ರಿಸ್ಪ್ ಸೇಬಿನ ಮರವಿದೆ. ಅದರ ಬುಡಕ್ಕೆ ಹೊಟ್ಟನ್ನು ದಪ್ಪವಾಗಿ ಹರಡಿ, ದಕ್ಷಿಣದ ಗೋಡೆಯಿಂದ ದೂರವಿರುವಂತೆ ಮನೆಯ ಉತ್ತರದ ಬದಿಯಲ್ಲಿ ನೆಟ್ಟಿದ್ದೇನೆ. ಅಲ್ಲಿ ಹಿಮ ತಡವಾಗಿ ಕರಗುತ್ತದೆ, ಪಕ್ಕದ ಮನೆಯ ಮರಕ್ಕಿಂತ ಮೂರು ನಾಲ್ಕು ದಿನ ತಡವಾಗಿ ಅದು ಹೂಬಿಡುತ್ತದೆ.